ಮೊದಲು ತರಗತಿಗೆ ಅಧ್ಯಾಪಕರು



ಉನ್ನತ ಶಿಕ್ಷಣದ ಸವಾಲುಗಳು ಮತ್ತು ನೀತಿಯ ದಿಕ್ಕು ಎಂಬ ವಿಷಯ ಕೊಟ್ಟು ಕರೆದಿದ್ದೀರಿ. ಈ ವಿಷಯದ ಮೇಲಿನ ಭಾಷಣಗಳು ಸಾಮಾನ್ಯವಾಗಿ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೋ ಐಐಟಿಗಳಿಂದಲೋ ಶುರುವಾಗುತ್ತವೆ. ಜಗತ್ತಿನ ರ‍್ಯಾಂಕಿಂಗ್‌ನಲ್ಲಿ ನಾವೆಲ್ಲಿದ್ದೇವೆ, ಪೇಟೆಂಟ್ ಎಷ್ಟು, ಸಂಶೋಧನೆ ಎಷ್ಟು ಎಂದು ಮುಂದುವರಿಯುತ್ತವೆ. ನಾನು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಿಂದ ಶುರುಮಾಡುತ್ತೇನೆ. ಅರ್ಥಶಾಸ್ತ್ರದ ಪಾಠ ಮಾಡುತ್ತ ನನ್ನ ವೃತ್ತಿಯ ಬಹುಪಾಲು ಕಳೆದದ್ದು ಅಲ್ಲೇ. ರಾಜ್ಯದಲ್ಲಿ ಇಂಥ 430 ಕಾಲೇಜುಗಳಿವೆ. ಮನೆಯಲ್ಲಿ ಮೊಟ್ಟಮೊದಲು ಪಿಯುಸಿ ದಾಟಿದ ಹುಡುಗ, ಮದುವೆ ಮುಂದೂಡಿಸಿಕೊಂಡು ಬಿಎಗೆ ಸೇರಿದ ಹುಡುಗಿ ಬಂದು ನಿಲ್ಲುವುದು ಈ ಕಾಲೇಜುಗಳ ಕಚೇರಿಯ ಕಿಟಕಿಯ ಮುಂದೆ. ಅವರ ಪಾಲಿಗೆ ಉನ್ನತ ಶಿಕ್ಷಣವೆಂದರೆ ಈ ಕಟ್ಟಡ, ಇಲ್ಲಿಯ ಮೇಷ್ಟ್ರು, ಇಲ್ಲಿಯ ಗ್ರಂಥಾಲಯ. ನೀತಿ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನವಾಗುವುದು ಇವರ ತರಗತಿಯಲ್ಲೇ ಎಂದು ನಾನು ನಂಬಿದ್ದೇನೆ.

ಸಂಖ್ಯೆಗಳನ್ನು ನೋಡಿದರೆ ನಾವು ಹಿಂದೆ ಬಿದ್ದವರಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ, 18ರಿಂದ 23 ವರ್ಷದ ವಯೋಮಾನಕ್ಕೆ ಲೆಕ್ಕ ಹಾಕಿದ ಒಟ್ಟು ದಾಖಲಾತಿ ಪ್ರಮಾಣ ದೇಶದಲ್ಲಿ ಶೇ 28.4. ಕರ್ನಾಟಕದಲ್ಲಿ ಅದು ಶೇ 36.2. ಆ ವಯಸ್ಸಿನ ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಕಾಲೇಜುಗಳಿವೆ ಎಂಬ ಲೆಕ್ಕದಲ್ಲಂತೂ ದೇಶದಲ್ಲೇ ನಾವು ಮುಂದು: ಇಲ್ಲಿ 66, ದೇಶದ ಸರಾಸರಿ 30. ಬೆಂಗಳೂರು ನಗರ ಜಿಲ್ಲೆಯಷ್ಟು ಕಾಲೇಜುಗಳಿರುವ ಇನ್ನೊಂದು ಜಿಲ್ಲೆ ಇಡೀ ದೇಶದಲ್ಲಿಲ್ಲ. ಆದರೆ ದಾಖಲಾತಿಯಲ್ಲಿ ತಮಿಳುನಾಡು ಶೇ 47ರಲ್ಲಿದೆ. ಕಾಲೇಜುಗಳ ಸಾಂದ್ರತೆಯಲ್ಲಿ ನಮಗಿಂತ ಹಿಂದಿರುವ ರಾಜ್ಯ, ಓದುವ ಮಕ್ಕಳ ಪ್ರಮಾಣದಲ್ಲಿ ನಮಗಿಂತ ಬಹಳ ಮುಂದಿದೆ. ಕಾಲೇಜು ತೆರೆಯುವುದು ಒಂದು ಕೆಲಸ, ಅಲ್ಲಿಗೆ ಮಗು ಬರುವಂತೆ ಮಾಡುವುದು, ಬಂದದ್ದು ಕಲಿತು ಹೋಗುವಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದನ್ನು ನಾವು ಉತ್ಸಾಹದಿಂದ ಮಾಡಿದ್ದೇವೆ. ಎರಡನೆಯದರ ಬಗ್ಗೆ ಇವತ್ತು ಮಾತಾಡೋಣ.

ಇಂಥ ಕಾಲೇಜಿನ ಒಂದು ದಿನ ಹೇಗಿರುತ್ತದೆ? ಟೈಮ್‌ಟೇಬಲ್ ಬರೆಯುವುದು ಪ್ರಾಂಶುಪಾಲರಾದರೂ ಅದನ್ನು ನಿರ್ಧರಿಸುವುದು ಸಾರಿಗೆ ಬಸ್ಸು. ಹಳ್ಳಿಯ ಬಸ್ಸುಗಳು ಬಂದು ಸೇರುವ ತನಕ ಮೊದಲ ತರಗತಿ ತುಂಬುವುದಿಲ್ಲ, ಮಧ್ಯಾಹ್ನದ ಬಸ್ಸು ಹೊರಡುವ ಹೊತ್ತಿಗೆ ಕೊನೆಯ ತರಗತಿ ಖಾಲಿ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್‌ ಪಾಸಿನ ದುಡ್ಡಿಗೆ ಅಪ್ಪನ ಮುಂದೆ ಕೈ ಚಾಚುವ ಕಷ್ಟ ಹೆಣ್ಣುಮಕ್ಕಳಿಗೆ ತಪ್ಪಿತು. ಇದನ್ನು ನಾನು ಉನ್ನತ ಶಿಕ್ಷಣದ ದೊಡ್ಡ ಸುಧಾರಣೆಗಳಲ್ಲಿ ಒಂದು ಎಂದೇ ಎಣಿಸುತ್ತೇನೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಬರದಿದ್ದರೂ. ಹೀಗೆ ಬಸ್ಸು ಹತ್ತಿ, ನಿಂತುಕೊಂಡೇ ಬಂದು, ಎರಡನೇ ಪಿರಿಯಡ್‌ಗೆ ಓಡುತ್ತ ತರಗತಿಗೆ ಬಂದ ಹುಡುಗಿಗೆ ಅಲ್ಲಿ ಏನು ಸಿಗುತ್ತದೆ? ಜೂನ್ ಜುಲೈನಲ್ಲಾದರೆ ಬಹಳ ಸಲ ಖಾಲಿ ಕುರ್ಚಿ ಸಿಗುತ್ತದೆ. ಅತಿಥಿ ಉಪನ್ಯಾಸಕರ ಕೌನ್ಸೆಲಿಂಗ್ ಇನ್ನೂ ಮುಗಿದಿರುವುದಿಲ್ಲ.

ಅತಿಥಿ ಉಪನ್ಯಾಸಕರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂದು ನಮ್ಮ ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವವರು ಅವರೇ. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಎಂಎ ಮಾಡಿ, ಹಲವರು ನೆಟ್ ಅಥವಾ ಕೆಸೆಟ್ ಪಾಸಾಗಿ, ಕೆಲವರು ಪಿಎಚ್‌ಡಿಯನ್ನೂ ಮುಗಿಸಿ ಬಂದವರು. ಪ್ರತಿ ಶೈಕ್ಷಣಿಕ ವರ್ಷ ಹೊಸದಾಗಿ ಆನ್‌ಲೈನ್ ಅರ್ಜಿ, ಅಂಕ–ಅನುಭವದ ಮೇಲೆ ಮೆರಿಟ್ ಪಟ್ಟಿ, ಸ್ಥಳ ಆಯ್ಕೆ. ಹೋದ ವರ್ಷ ಪಾಠ ಮಾಡಿದ ಕಾಲೇಜೇ ಸಿಗಬೇಕೆಂದಿಲ್ಲ. ಸಿಕ್ಕ ಮೇಲೂ, ವರ್ಗಾವಣೆಯಲ್ಲಿ ಆ ವಿಷಯದ ಖಾಯಂ ಅಧ್ಯಾಪಕರೊಬ್ಬರು ಬಂದರೆ ಇವರ ಕಾರ್ಯಭಾರ ಹೋಯಿತು, ಸೆಮಿಸ್ಟರ್ ನಡುವೆಯೇ ಬಿಡುಗಡೆ. ರಜೆಯ ತಿಂಗಳುಗಳಿಗೆ ಗೌರವಧನವಿಲ್ಲ. 2022ರ ಜನವರಿಯ ತನಕ ಅದು ತಿಂಗಳಿಗೆ 11ರಿಂದ 13 ಸಾವಿರ ಇತ್ತು. ಆಮೇಲೆ ಅರ್ಹತೆ ಮತ್ತು ಸೇವೆ ನೋಡಿ 26ರಿಂದ 32 ಸಾವಿರಕ್ಕೆ ಏರಿತು, 2024ರಲ್ಲಿ ಇನ್ನಷ್ಟು ಏರಿತು. ಒಳ್ಳೆಯ ನಿರ್ಧಾರ. ಆದರೆ ಅದರ ಜೊತೆಗೇ ವಾರದ ಪಾಠದ ಅವಧಿಯನ್ನು 15 ಗಂಟೆಗೆ ಏರಿಸಿದ್ದರಿಂದ, ಇಬ್ಬರು ಹಂಚಿಕೊಳ್ಳುತ್ತಿದ್ದ ಕೆಲಸ ಒಬ್ಬರಿಗೆ ಹೋಗಿ, ಎಷ್ಟೋ ವರ್ಷ ದುಡಿದವರು ಮನೆಗೆ ಹೋಗಬೇಕಾಯಿತು. 2023ರ ಕೊನೆಯಲ್ಲಿ ಖಾಯಮಾತಿ ಕೇಳಿ ಅವರು ಬೀದಿಗಿಳಿದಾಗ ಕಾಲೇಜುಗಳು ವಾರಗಟ್ಟಲೆ ಪಾಠವಿಲ್ಲದೆ ನಿಂತವು. 2025–26ರಲ್ಲಿ ಯುಜಿಸಿ ಅರ್ಹತೆಯ ವ್ಯಾಜ್ಯ ನ್ಯಾಯಾಲಯದಲ್ಲಿದ್ದುದರಿಂದ ಆಯ್ಕೆಯೇ ತಡವಾಯಿತು. ಈ ಎರಡೂ ಸಲ ನಷ್ಟ ಅನುಭವಿಸಿದವರು ಅವರಷ್ಟೇ ಅಲ್ಲ. ಆ ಸೆಮಿಸ್ಟರ್‌ಗಳ ಮಕ್ಕಳಿಗೆ ಆ ಪಾಠ ಯಾರೂ ತಿರುಗಿ ಮಾಡಲಿಲ್ಲ.

ಒಬ್ಬ ಅತಿಥಿ ಉಪನ್ಯಾಸಕನ ಚೀಲದಲ್ಲಿ ಏನೇನಿರುತ್ತದೆ ಎಂದು ಬಲ್ಲೆ. ಬೆಳಗಿನ ಹೊತ್ತು ಖಾಸಗಿ ಕಾಲೇಜಿನ ಹಾಜರಿ ಪುಸ್ತಕ, ಮಧ್ಯಾಹ್ನ ಸರ್ಕಾರಿ ಕಾಲೇಜಿನ ಐಎ ಪತ್ರಿಕೆಗಳು, ಸಂಜೆಗೆ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ನೋಟ್ಸ್, ಅಡಿಯಲ್ಲೆಲ್ಲೋ ತನ್ನದೇ ಕೆಪಿಎಸ್‌ಸಿ ಪರೀಕ್ಷೆಯ ಪ್ರವೇಶ ಪತ್ರ. ಇಂಥವರಲ್ಲಿ ಅತ್ಯುತ್ತಮ ಅಧ್ಯಾಪಕರನ್ನು ನಾನು ನೋಡಿದ್ದೇನೆ. ಬೇಡಿಕೆಯ ರೇಖೆ ಯಾಕೆ ಇಳಿಯುತ್ತದೆ ಎಂಬುದನ್ನು ಸಂತೆಯ ಟೊಮೆಟೊ ದರದಿಂದ ವಿವರಿಸಿ, ಹಿಂದಿನ ಬೆಂಚಿನ ಹುಡುಗನ ಕೈಯಲ್ಲಿ ಬೋರ್ಡಿನ ಮೇಲೆ ಅದನ್ನು ಬಿಡಿಸಿದ ತರುಣ ಅವರಲ್ಲಿ ಒಬ್ಬ. ಮರುವರ್ಷ ಅವನು ಆ ಕಾಲೇಜಿನಲ್ಲಿರಲಿಲ್ಲ. ಆ ಹುಡುಗ ಎಂಎ ಅರ್ಜಿ ಹಿಡಿದು ಯಾರನ್ನು ಕೇಳಬೇಕು? ಕಲಿಕೆಗೆ ವರ್ಷಗಳ ನಂಟು ಬೇಕು. ಮೂರು ವರ್ಷ ಒಬ್ಬ ಮೇಷ್ಟ್ರು ಒಬ್ಬ ವಿದ್ಯಾರ್ಥಿಯನ್ನು ಹೆಸರು ಹಿಡಿದು ಕರೆಯುವಷ್ಟು ಬಲ್ಲವರಾಗಿರುವುದು ಐಷಾರಾಮಲ್ಲ, ಮೊದಲ ತಲೆಮಾರಿನ ಮಗುವಿಗೆ ಅದೇ ಕಾಲೇಜು.

ನಿಯಮಗಳು ಇದನ್ನು ಅರಿಯದೆ ಇಲ್ಲ. ಯುಜಿಸಿಯ 2018ರ ನಿಯಮಾವಳಿ ಗುತ್ತಿಗೆ ನೇಮಕಾತಿ ಒಟ್ಟು ಅಧ್ಯಾಪಕ ಹುದ್ದೆಗಳ ಶೇ 10 ಮೀರಬಾರದು ಎನ್ನುತ್ತದೆ. ನಾವು ಅತಿಥಿ ಎಂಬ ಬೇರೆ ಹೆಸರಿಟ್ಟು ಆ ಮಿತಿಯಿಂದ ಜಾರಿಕೊಂಡಿದ್ದೇವೆ. ಖಾಯಂ ಮಾಡಿ ಎಂದರೆ ಸರ್ಕಾರ ಉಮಾದೇವಿ ಪ್ರಕರಣವನ್ನು ಮುಂದಿಡುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ, ಕರ್ನಾಟಕದಿಂದಲೇ ಹೋದ ಪ್ರಕರಣದ ಆ ತೀರ್ಪು, ಹಿಂಬಾಗಿಲ ನೇಮಕಾತಿಯನ್ನು ಸಕ್ರಮಗೊಳಿಸಬೇಡಿ ಎಂದಿತು. ತತ್ವ ಸರಿಯಾದದ್ದೇ. ಆದರೆ ಮುಂಬಾಗಿಲನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳಿ ಎಂದು ಆ ತೀರ್ಪು ಹೇಳಲಿಲ್ಲ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅಧಿಸೂಚನೆ ಬಂತು, 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಆಯ್ಕೆಯಾದವರು ಆದೇಶ ಪತ್ರ ಹಿಡಿದು ಕಾಲೇಜಿಗೆ ಬರುವಷ್ಟರಲ್ಲಿ, ಅಧಿಸೂಚನೆ ಬಂದ ವರ್ಷ ಪದವಿಗೆ ಸೇರಿದ ಮಕ್ಕಳು ಓದು ಮುಗಿಸಿ ಹೊರಟಿದ್ದರು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, ತಿಂಗಳಿಗೆ 30 ಸಾವಿರಕ್ಕೆ ಅವರನ್ನು ದುಡಿಸಿಕೊಳ್ಳುವುದನ್ನು ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿ, ಕನಿಷ್ಠ ವೇತನ ಶ್ರೇಣಿ ಕೊಡಬೇಕೆಂದು ಹೇಳಿದೆ. ನಮ್ಮ ಹಣಕಾಸು ಇಲಾಖೆ ಅದನ್ನು ಓದಿಕೊಳ್ಳಬೇಕು.

ಆದ್ದರಿಂದ ನೀತಿಯ ಮೊದಲ ದಿಕ್ಕು ಇದು. ಮುಂದಿನ ವರ್ಷ ಎಷ್ಟು ಜನ ನಿವೃತ್ತರಾಗುತ್ತಾರೆ ಎಂಬುದು ಇಲಾಖೆಗೆ ಇಂದೇ ಗೊತ್ತು, ಜನ್ಮದಿನಾಂಕ ಸೇವಾ ಪುಸ್ತಕದಲ್ಲಿದೆ. ನಿವೃತ್ತಿಯ ಲೆಕ್ಕಕ್ಕೆ ಸರಿಯಾಗಿ ಪ್ರತಿ ವರ್ಷ ನೇಮಕಾತಿ ನಡೆಯಲಿ, ಹತ್ತು ವರ್ಷಕ್ಕೊಮ್ಮೆ ಜಾತ್ರೆ ಬೇಡ. ಅದರಲ್ಲಿ ಅತಿಥಿ ಉಪನ್ಯಾಸಕರ ಅನುಭವಕ್ಕೆ ಕೃಪಾಂಕವಿರಲಿ, ವಯೋಮಿತಿ ಸಡಿಲಿಕೆ ಇರಲಿ. ಖಾಯಂ ಆಗುವ ತನಕ ಅವರಿಗೆ ಮೂರು ವರ್ಷದ ನೇಮಕಾತಿ ಆದೇಶ, ಹನ್ನೆರಡು ತಿಂಗಳ ವೇತನ, ಹೆರಿಗೆ ರಜೆ ಕೊಡಿ. ಯುಜಿಸಿ ಅರ್ಹತೆ ಇಲ್ಲದ ಹಳಬರಿಗೆ ಕೆಸೆಟ್ ಪಾಸಾಗಲು ಒಂದು ಗಡುವು ಕೊಟ್ಟು, ಆ ಅವಧಿಯಲ್ಲಿ ತರಬೇತಿಯನ್ನೂ ಕೊಡಿ. ರಾತ್ರೋರಾತ್ರಿ ಕಳಿಸಬೇಡಿ. ಜೂನ್ ಒಂದಕ್ಕೆ ತರಗತಿ ಶುರುವಾಗುವುದಾದರೆ ಮೇ ತಿಂಗಳಲ್ಲೇ ಆದೇಶ ಅವರ ಕೈಯಲ್ಲಿರಲಿ.

ಇಷ್ಟು ಸರಳವಾದದ್ದು ಯಾಕೆ ಆಗುವುದಿಲ್ಲ? ನಮ್ಮ ನೀತಿ ಚರ್ಚೆ ಬೇರೆ ಕಡೆ ತಿರುಗಿಕೊಂಡಿದೆ. 2020ರ ಜುಲೈನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. 2021–22ರಲ್ಲಿ ಕರ್ನಾಟಕ ಅದನ್ನು ದೇಶದಲ್ಲೇ ಮೊದಲು ಜಾರಿಗೆ ತಂದಿತು: ನಾಲ್ಕು ವರ್ಷದ ಆನರ್ಸ್, ಮುಕ್ತ ಐಚ್ಛಿಕ ವಿಷಯಗಳು, ವರ್ಷಕ್ಕೊಂದು ನಿರ್ಗಮನ ದ್ವಾರ. 2023ರಲ್ಲಿ ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಪದವಿ ಎಂದು ಆದೇಶವಾಯಿತು. 2024–25ರಲ್ಲಿ ಒಂದೇ ಕಾರಿಡಾರಿನಲ್ಲಿ ಮೊದಲ ವರ್ಷಕ್ಕೊಂದು ಪದ್ಧತಿ, ಎರಡು–ಮೂರನೇ ವರ್ಷಕ್ಕೆ ಇನ್ನೊಂದು, ಹಳೆಯ ಪೇಪರ್ ಉಳಿಸಿಕೊಂಡವರಿಗೆ ಮತ್ತೊಂದು. ಮೂರು ವರ್ಷವೇ ಸರಿ ಎಂಬುದು ನನ್ನ ಅಭಿಪ್ರಾಯ. ಕೂಲಿ ಮಾಡಿ ಓದಿಸುವ ಮನೆಗೆ ನಾಲ್ಕನೇ ವರ್ಷ ಭಾರ, ಅದಕ್ಕೆ ಬೇಕಾದ ಅಧ್ಯಾಪಕರು, ಪ್ರಯೋಗಾಲಯ ತಾಲ್ಲೂಕು ಕಾಲೇಜಿನಲ್ಲಿ ಇರಲೂ ಇಲ್ಲ. ಆದರೆ ಸರಿಯಾದದ್ದನ್ನು ಮಾಡುವಾಗಲೂ ವಿಧಾನ ಬೇಕು. ಈಗಾಗಲೇ ಓದುತ್ತಿರುವ ತಂಡ ಮುಗಿಯುವ ತನಕ ಯಾವ ರಚನೆಯನ್ನೂ ಮುಟ್ಟಬಾರದು, ಹೊಸ ಪಠ್ಯಕ್ರಮ ಬರುವ ಮುನ್ನ ಒಂದು ಪೂರ್ಣ ವರ್ಷ ಅದು ಅಧ್ಯಾಪಕರ ಕೈಯಲ್ಲಿರಬೇಕು ಎಂಬುದನ್ನು ಯಾವ ಪಕ್ಷದ ಸರ್ಕಾರ ಬಂದರೂ ಮೀರಲಾಗದ ನಿಯಮವನ್ನಾಗಿ ಮಾಡಬೇಕು. ಮುಕ್ತ ಐಚ್ಛಿಕ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಂದರು. ನಾಲ್ಕು ವಿಭಾಗಗಳಿರುವ ಕಾಲೇಜಿನಲ್ಲಿ ಹುಡುಗ ಆರಿಸಿಕೊಂಡದ್ದು ಅಲ್ಲಿ ಯಾವ ಮೇಷ್ಟ್ರು ಉಳಿದಿದ್ದರೋ ಅವರ ವಿಷಯವನ್ನು.

ಇನ್ನು ವಿಶ್ವವಿದ್ಯಾಲಯಗಳು. ಮೈಸೂರು ವಿಶ್ವವಿದ್ಯಾಲಯ 1916ರ ಜುಲೈನಲ್ಲಿ ಹುಟ್ಟುವ ತನಕ ಸಂಸ್ಥಾನದ ಕಾಲೇಜುಗಳು ಮದರಾಸಿನ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯ ಅದನ್ನು ಕಟ್ಟಿದ್ದು ಎರಡು ಕಾಲೇಜುಗಳ ಮೇಲೆ: ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ವಿಶ್ವವಿದ್ಯಾಲಯ ಎಂದರೆ ಅಲ್ಲಿ ಪಾಠ ಮಾಡುವವರೇ ಆಗಿದ್ದರು. 1930ರ ದಶಕದಲ್ಲಿ ಅಲ್ಲಿಯ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟರು, ಅವು ಕೆಲವೇ ಆಣೆಯ ಪುಟ್ಟ ಪುಸ್ತಕಗಳಾಗಿ ರೈತರ ಮನೆಯನ್ನೂ ಸೇರಿದವು. ಇವತ್ತು ಅದೇ ಮೈಸೂರು ವಿಶ್ವವಿದ್ಯಾಲಯ, ಅದರ ಜೊತೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ನಿವೃತ್ತರ ಪಿಂಚಣಿಗೆ ಹಣ ಹೊಂದಿಸಲು ಪರದಾಡುತ್ತಿವೆ.

ಇದು ಹೇಗಾಯಿತು ಎಂದು ತಿಳಿಯಲು ವಿಶ್ವವಿದ್ಯಾಲಯದ ಆದಾಯ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಸರ್ಕಾರದ ಅನುದಾನ ಬಿಟ್ಟರೆ ದೊಡ್ಡ ಆದಾಯ ಸಂಯೋಜಿತ ಕಾಲೇಜುಗಳಿಂದ: ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ, ಅಂಕಪಟ್ಟಿ ಶುಲ್ಕ, ಘಟಿಕೋತ್ಸವ ಶುಲ್ಕ. ಅಂದರೆ ತಾಲ್ಲೂಕಿನ ಬಿಎ ಹುಡುಗಿ ಕಟ್ಟುವ ದುಡ್ಡು ಜಿಲ್ಲಾ ಕೇಂದ್ರದ ಸ್ನಾತಕೋತ್ತರ ವಿಭಾಗವನ್ನು ಸಾಕುತ್ತದೆ. ಅದಕ್ಕೆ ಪ್ರತಿಯಾಗಿ ಅವಳಿಗೆ ಸಿಗುವುದು ಒಂದು ಪ್ರಶ್ನೆಪತ್ರಿಕೆ, ಒಂದು ಅಂಕಪಟ್ಟಿ. ಆ ಅಂಕಪಟ್ಟಿಯೂ ಸಕಾಲಕ್ಕೆ ಬರುವುದಿಲ್ಲ. ಎಲ್ಲ ವಿಶ್ವವಿದ್ಯಾಲಯಗಳಿಗೆ ಒಂದೇ ಯುಯುಸಿಎಂಎಸ್ ಪೋರ್ಟಲ್ ಬಂದ ಮೇಲೆ ಫಲಿತಾಂಶ ತಡವಾಗಿ, ಬರೆದ ಪರೀಕ್ಷೆಗೆ ಗೈರು ಎಂದು ತೋರಿಸಿ, ಅದನ್ನು ಸರಿಪಡಿಸಿಕೊಳ್ಳಲು ಬಸ್ಸು ಹತ್ತಿದ ಮಕ್ಕಳನ್ನು ನಾನೇ ಕಂಡಿದ್ದೇನೆ. ಬಿಎಡ್ ಪ್ರವೇಶದ ಗಡುವು ಯಾರಿಗಾಗಿಯೂ ಕಾಯುವುದಿಲ್ಲ.

ಹೀಗಿರುವಾಗ ಒಂದು ವಿಶ್ವವಿದ್ಯಾಲಯವನ್ನು ಒಡೆದು ಮೂರು ಮಾಡಿದರೆ ಏನಾಗುತ್ತದೆ ಎಂಬುದು ಯಾರಿಗಾದರೂ ಹೊಳೆಯಬೇಕಿತ್ತು. 2023ರಲ್ಲಿ ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರ ಏಳೂ ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾಲಯಗಳು ಬಂದವು. ಮೈಸೂರಿನ ತೆಕ್ಕೆಯಲ್ಲಿದ್ದ ಹಾಸನ, ಚಾಮರಾಜನಗರದ ಕಾಲೇಜುಗಳು ಹೊರಟುಹೋದವು. ಅವುಗಳ ಜೊತೆ ಶುಲ್ಕದ ಆದಾಯವೂ ಹೋಯಿತು, ಪಿಂಚಣಿಯ ಹೊರೆ ಮಾತ್ರ ಹಳೆಯ ಸಂಸ್ಥೆಯಲ್ಲೇ ಉಳಿಯಿತು. ಹೊಸದಕ್ಕೆ ಕುಲಪತಿ ಬಂದರು, ಕುಲಸಚಿವರು ಬಂದರು, ಖಾಯಂ ಅಧ್ಯಾಪಕರು ಬರಲಿಲ್ಲ. ಎರಡೇ ವರ್ಷದಲ್ಲಿ, 2025ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಈ ಏಳೂ ಸೇರಿದಂತೆ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಬಿಟ್ಟು ಒಂಬತ್ತನ್ನು ಮುಚ್ಚುವ ಮಾತಾಡಿತು. ಆ ಜಿಲ್ಲೆಗಳ ಜನ ಸಿಟ್ಟಾದರು, ಆಗಬೇಕಾದದ್ದೇ. ಚಾಮರಾಜನಗರದ, ಕೊಪ್ಪಳದ ಹೆಣ್ಣುಮಗಳಿಗೆ ಮನೆಯಿಂದ ಹೋಗಿಬರುವ ದೂರದಲ್ಲಿ ಎಂಎ, ಎಂಎಸ್ಸಿ ಸಿಗಬೇಕು. ಅದು ಅವಳ ಹಕ್ಕು.

ನನ್ನ ಸಲಹೆ, ಕಲಿಸುವ ಕೆಲಸ ಮತ್ತು ಪರೀಕ್ಷೆ ನಡೆಸುವ ಕೆಲಸವನ್ನು ಬೇರೆ ಮಾಡಿ ಎಂಬುದು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಈ ನಾಲ್ಕು ವಿಭಾಗಗಳಿಗೆ ಒಂದೊಂದು ಪರೀಕ್ಷಾ ಮಂಡಳಿ ಇರಲಿ. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಅಂಕಪಟ್ಟಿ ಅದರ ಹೊಣೆ. ಹೊಸ ಜಿಲ್ಲಾ ವಿಶ್ವವಿದ್ಯಾಲಯಗಳನ್ನು ಮುಚ್ಚದೆ, ಸಿಂಡಿಕೇಟ್ ಕಟ್ಟಡಗಳ ಆಡಂಬರ ಬಿಟ್ಟು, ಒಳ್ಳೆಯ ಸ್ನಾತಕೋತ್ತರ ಕ್ಯಾಂಪಸ್‌ಗಳಾಗಿ ಬೆಳೆಸಿ. ಪಿಂಚಣಿಯನ್ನು ರಾಜ್ಯದ ಖಜಾನೆ ಹೊರಲಿ, ವಿದ್ಯಾರ್ಥಿಯ ಶುಲ್ಕದಿಂದ ಅದನ್ನು ಕೊಡುವುದು ಅನ್ಯಾಯ. ರಾಷ್ಟ್ರೀಯ ನೀತಿ ಹದಿನೈದು ವರ್ಷದಲ್ಲಿ ಸಂಯೋಜನಾ ಪದ್ಧತಿಯನ್ನೇ ಕೈಬಿಟ್ಟು ಎಲ್ಲ ಕಾಲೇಜುಗಳಿಗೂ ಸ್ವಾಯತ್ತತೆ ಕೊಡಬೇಕೆನ್ನುತ್ತದೆ. ಐವರು ಖಾಯಂ ಅಧ್ಯಾಪಕರಿಲ್ಲದ ಕಾಲೇಜಿಗೆ ಸ್ವಾಯತ್ತತೆ ಕೊಟ್ಟರೆ ಪಠ್ಯಕ್ರಮ ಬರೆಯುವವರು ಯಾರು? ಎಲ್ಲಿ ತಿರುಗಿದರೂ ಮಾತು ಅಧ್ಯಾಪಕರ ಬಳಿಗೇ ಬರುತ್ತದೆ.

ಪುಸ್ತಕದ ವಿಷಯ ಬಿಟ್ಟರೆ ನನ್ನ ಮನಸ್ಸು ಒಪ್ಪುವುದಿಲ್ಲ. ತಾಲ್ಲೂಕು ಕಾಲೇಜುಗಳ ಬಿಎ ವಿದ್ಯಾರ್ಥಿಗಳಲ್ಲಿ ಬಹುಪಾಲು ಪರೀಕ್ಷೆ ಬರೆಯುವುದು ಕನ್ನಡದಲ್ಲಿ. ಪಠ್ಯಕ್ರಮದ ಕೊನೆಯಲ್ಲಿರುವ ಪರಾಮರ್ಶನ ಪಟ್ಟಿ ಇಂಗ್ಲಿಷಿನದು. ನಡುವಿನ ಜಾಗವನ್ನು ತುಂಬಿರುವುದು ಬಸ್‌ ಸ್ಟ್ಯಾಂಡ್ ಪಕ್ಕದ ಅಂಗಡಿಯ ಗೈಡು. ಒಂದು ಸಲ ಮೌಲ್ಯಮಾಪನ ಕೇಂದ್ರದಲ್ಲಿ, ಹಣದುಬ್ಬರದ ಪ್ರಶ್ನೆಗೆ ಒಂದು ಕಟ್ಟಿನ ಉತ್ತರಗಳೆಲ್ಲ ಒಂದೇ ವಾಕ್ಯದಿಂದ ಶುರುವಾದದ್ದನ್ನು ಕಂಡೆ. ಗೈಡಿನಲ್ಲಿದ್ದ ಅಚ್ಚಿನ ತಪ್ಪೂ ಎಲ್ಲದರಲ್ಲೂ ಹಾಗೇ ಇತ್ತು. ಆ ಮಕ್ಕಳು ದಡ್ಡರಲ್ಲ, ಅದೇ ಊರಿನ ಸಹಕಾರ ಸಂಘದ ಬಡ್ಡಿ ಲೆಕ್ಕ ಅವರಿಗೆ ಬಾಯಲ್ಲೇ ಬರುತ್ತದೆ. ಓದಲು ಅವರ ಕೈಗೆ ನಾವು ಕೊಟ್ಟದ್ದು ಅಷ್ಟೇ.

ಮೈಸೂರು ವಿಶ್ವವಿದ್ಯಾಲಯ 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದಿತು. 1956ರಿಂದ 1960ರ ತನಕ ಕುವೆಂಪು ಕುಲಪತಿಗಳಾಗಿದ್ದಾಗ ಮಾನಸಗಂಗೋತ್ರಿ ತಲೆಯೆತ್ತಿತು, ಕನ್ನಡದಲ್ಲಿ ಪದವಿ ಪಾಠ ಮಾಡುವ ಕನಸಿಗೆ ಪಠ್ಯಪುಸ್ತಕಗಳ ಬೆಂಬಲ ಬೇಕೆಂಬ ಅರಿವು ಗಟ್ಟಿಯಾಯಿತು. ಆಮೇಲೆ ಕನ್ನಡ ವಿಶ್ವಕೋಶದ ಸಂಪುಟಗಳು ಬಂದವು. ಆ ಶ್ರಮದ ಮುಂದುವರಿಕೆ ಇಂದು ಪ್ರಸಾರಾಂಗಗಳಲ್ಲಿ ಕಾಣುವುದಿಲ್ಲ. ಪ್ರತಿ ಅಧ್ಯಯನ ಮಂಡಳಿ ತಾನು ರೂಪಿಸುವ ಪ್ರತಿ ಪೇಪರಿಗೂ ಒಂದು ಒಳ್ಳೆಯ ಕನ್ನಡ ಪುಸ್ತಕ ಬರೆಸಿದ ಮೇಲೆಯೇ ಆ ಪೇಪರ್ ಜಾರಿಗೆ ಬರಲಿ. ಬರೆದವರಿಗೆ ತಕ್ಕ ಸಂಭಾವನೆ, ಒಂದು ಸೆಮಿಸ್ಟರ್ ಪಾಠದಿಂದ ಬಿಡುವು ಸಿಗಲಿ. ಬಡ್ತಿಗೆ ಸಂಶೋಧನ ಲೇಖನಕ್ಕೆ ಕೊಡುವ ಅಂಕವನ್ನೇ ಇದಕ್ಕೂ ಕೊಡಲಿ. ಅದೇ ಪುಟದಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದವೂ ಇರಲಿ, ಏಕೆಂದರೆ ಎಂಎಗೆ ಹೋದಾಗ, ಕೆಲಸದ ಸಂದರ್ಶನಕ್ಕೆ ಹೋದಾಗ ಆ ಮಗು ಬೆರಗಾಗಿ ನಿಲ್ಲಬಾರದು.

ಕೆಲಸದ ಮಾತು ಬಂತು. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದ ತನಕ ಕೊಡುತ್ತದೆ. ಕೊಡಲಿ, ಅದು ಬೇಕು. ಆ ಮಗು ಕಾಲೇಜಿನಲ್ಲಿದ್ದ ಮೂರು ವರ್ಷದಲ್ಲಿ ಅದರ ಮೇಲೆ ಒಳ್ಳೆಯ ಮೇಷ್ಟ್ರು, ತೆರೆದ ಗ್ರಂಥಾಲಯ, ಕೆಡದ ಕಂಪ್ಯೂಟರ್ ಇವುಗಳಿಗೆ ಖರ್ಚು ಮಾಡಿದ್ದರೆ ಆ ಪಟ್ಟಿಯಲ್ಲಿ ಹೆಸರುಗಳು ಕಡಿಮೆಯಿರುತ್ತಿದ್ದವು ಎಂದಷ್ಟೇ ನಾನು ಹೇಳುವುದು. ರಾಷ್ಟ್ರೀಯ ಆದಾಯದ ಶೇ 6ರಷ್ಟು ಶಿಕ್ಷಣಕ್ಕೆ ಮೀಸಲಿಡಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2020ರ ನೀತಿಯೂ ಅದನ್ನೇ ತಿರುಗಿ ಬರೆದಿದೆ.

ಕೊನೆಯದಾಗಿ ಇಲ್ಲಿ ಕೂತವರೆಲ್ಲ ಮಾಡಬಹುದಾದ ಒಂದು ಕೆಲಸ. ನಿಮ್ಮ ತಾಲ್ಲೂಕಿನ ಕಾಲೇಜಿಗೆ ಈ ಜುಲೈನಲ್ಲಿ ಹೋಗಿ ನಾಲ್ಕು ಪ್ರಶ್ನೆ ಕೇಳಿ: ಮಂಜೂರಾದ ಹುದ್ದೆ ಎಷ್ಟು, ಖಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಯಾವ ದಿನದಿಂದ ಪಾಠ ಶುರುಮಾಡಿದರು, ಈ ವರ್ಷ ಗ್ರಂಥಾಲಯಕ್ಕೆ ಎಷ್ಟು ಕನ್ನಡ ಪುಸ್ತಕ ಬಂದವು. ಕಾಲೇಜಿನ ಹೆಬ್ಬಾಗಿಲ ಬಳಿ ಈ ನಾಲ್ಕು ಉತ್ತರಗಳ ಫಲಕ ಹಾಕಬೇಕೆಂದು ಕಾಲೇಜು ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ನಿಮ್ಮ ಶಾಸಕರನ್ನು ಒತ್ತಾಯಿಸಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಈ ಸಭೆಯ ಪರವಾಗಿ ಉನ್ನತ ಶಿಕ್ಷಣ ಸಚಿವರಿಗೆ ಬರೆದ ಮನವಿಯನ್ನು ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇವೆ. ಓದಿ, ಒಪ್ಪಿಗೆಯಾದರೆ ಸಹಿ ಮಾಡಿ.